ಉಜ್ಜದೆ ಬಿಟ್ಟ ಕಲ್ಲು

ಬಲೆಯಲ್ಲಿ ಎತ್ತಿದಾಗ ಕೇಸರಿ ಮೈಯ ಎರಡನೆಯ ಕ್ಲೌನ್ ಮೀನಿಗೆ ಬಾಲವೇ ಇರಲಿಲ್ಲ. ಬಾಲವಿದ್ದ ಜಾಗದಲ್ಲಿ ಒಂದು ಬಿಳಿ ಮೊಂಡು ಉಳಿದಿತ್ತು. ಜೋಡಿಯ ಮೊದಲನೆಯದು ಭಾನುವಾರವೇ ಸತ್ತಿತ್ತು. ಇದನ್ನು ಟಿಶ್ಯೂ ಕಾಗದದಲ್ಲಿ ಸುತ್ತಿ ಬಕೆಟ್ಟಿನ ಪಕ್ಕ ಇಟ್ಟು, ಕೈ ಒರೆಸಿಕೊಂಡು ಡೈರಿ ತೆಗೆದೆ. ಜೂನ್ ಕೊನೆಯ ಮಂಗಳವಾರ. ಉಪ್ಪು ಸರಿ, ಅಮೋನಿಯಾ ಇಲ್ಲ, ನೀರಿನ ಬಿಸಿ ಇಪ್ಪತ್ತಾರು. ನೀರಿನಲ್ಲಿ ಯಾವ ದೋಷವೂ ಇಲ್ಲದೆ ಮೀನು ಸತ್ತಿದೆ ಎಂದು ಬರೆಯುವುದು ನಮ್ಮ ಕೆಲಸದಲ್ಲಿ ಎಲ್ಲಕ್ಕಿಂತ ಬೇಸರದ ಸಾಲು. ನೀರು ಕೆಟ್ಟಿದ್ದರೆ ಬದಲಾಯಿಸಬಹುದು.

"ಹೋತೇನು?" ಸೋಫಾದ ಮೇಲಿಂದ ಅಜ್ಜಿ ಕೇಳಿದರು.

"ಹೋಯ್ತು ಅಜ್ಜಿ."

"ನಿನ್ನೇನ ಹೇಳಿದ್ನಿ ನಮ್ಮ ಸೊಸಿಗೆ. ನಾಳೆ ಮಂಗಳವಾರ, ಆ ಹುಡುಗಿ ಬರ್ತಾಳ, ಬಂದು ಹೆಣಾ ಎತ್ತತಾಳ ಅಂತ."

ಅಜ್ಜಿ ಮನೆಯೊಡತಿಯ ಅತ್ತೆ, ಧಾರವಾಡದ ಕಡೆಯವರು. ಮಂಡಿ ನೋವಿನಿಂದ ಹೆಚ್ಚು ಓಡಾಡುತ್ತಿರಲಿಲ್ಲ. ಸೊಸೆ ಲ್ಯಾಪ್‌ಟಾಪ್ ಎದುರು ಕೂತು ಒಳಕೋಣೆಯ ಬಾಗಿಲು ಹಾಕಿಕೊಂಡರೆ, ಇವರು ಹಾಲ್‌ನಲ್ಲಿ ನಾಲ್ಕಡಿ ಉದ್ದದ ಆ ಸಮುದ್ರದ ಟ್ಯಾಂಕ್ ಎದುರು ಕೂರುತ್ತಿದ್ದರು. ಟಿವಿಗಿಂತ ಇದು ಚಲೋ, ಇದರಾಗ ಜಾಹೀರಾತು ಇಲ್ಲ ಎನ್ನುತ್ತಿದ್ದರು.

ಹೂಡಿಯ ಆಚೆ, ಮೆಟ್ರೋ ಕಂಬಗಳಿಗಾಗಿ ರಸ್ತೆ ಅಗೆದು ತಗಡು ನಿಲ್ಲಿಸಿದ್ದ ಕಾಲ ಅದು. ಹಳೇ ಊರಿನಲ್ಲಿರುವ ನಮ್ಮ ಮನೆಯಿಂದ ಆ ಅಪಾರ್ಟ್‌ಮೆಂಟಿಗೆ ನಡೆದೇ ಹೋಗಬಹುದಾಗಿದ್ದರೂ, ನಾನು ಕೆಲಸ ಮಾಡುವ ಅಕ್ವೇರಿಯಂ ಅಂಗಡಿಗೆ ಹೋಗಿ ಸಾಮಾನು ತೆಗೆದುಕೊಂಡು, ಸ್ಕೂಟಿಯ ಕಾಲಿಡುವ ಜಾಗದಲ್ಲಿ ಉಪ್ಪುನೀರಿನ ಎರಡು ಕ್ಯಾನ್ ಇಟ್ಟುಕೊಂಡು ಧೂಳಿನಲ್ಲಿ ತೆವಳಿ ಬರುವಷ್ಟರಲ್ಲಿ ಅರ್ಧ ಶಕ್ತಿ ಮುಗಿದಿರುತ್ತಿತ್ತು. ಗೇಟಿನಲ್ಲಿ ಹೆಸರು ಬರೆಸಿ, ಸರ್ವಿಸ್ ಲಿಫ್ಟ್‌ಗೆ ಕಾದು, ಹತ್ತನೇ ಮಹಡಿಗೆ ಏರುವಾಗ ನನಗೆ ಪ್ರತಿ ಸಲವೂ ಅನಿಸುತ್ತಿದ್ದುದು ಒಂದೇ: ಇವತ್ತು ಎಲ್ಲ ಬದುಕಿರಲಿ.

ಅದು ಅಂಗಡಿಯವರು ನನ್ನೊಬ್ಬಳಿಗೇ ಒಪ್ಪಿಸಿದ ಮೊದಲ ಟ್ಯಾಂಕ್. ಅದಕ್ಕೆ ಮೊದಲು ನಾನು ಕೌಂಟರಿನಲ್ಲಿ ನಿಂತು ಗೋಲ್ಡ್ ಫಿಶ್ ಕವರಿಗೆ ಹಾಕಿ ರಬ್ಬರ್ ಬ್ಯಾಂಡ್ ಸುತ್ತುತ್ತಿದ್ದೆ.

ಕೊಂದದ್ದು ಯಾರು ಎಂಬುದರಲ್ಲಿ ಅನುಮಾನ ಇರಲಿಲ್ಲ. ಟ್ಯಾಂಕಿನ ನಡುಗಲ್ಲಿನ ಮುಂದೆ ಅಂಗೈಯಷ್ಟೂ ಇಲ್ಲದ ಕಂದುಬಣ್ಣದ ಮೀನೊಂದು ಅತ್ತಿಂದಿತ್ತ ಗಸ್ತು ತಿರುಗುತ್ತಿತ್ತು. ಅದು ಡ್ಯಾಮ್ಸೆಲ್ ಜಾತಿಯದು. ಹೊಸ ಟ್ಯಾಂಕಿನ ನೀರು ಹದವಾಗಲು ಒಂದೆರಡು ತಿಂಗಳಾದರೂ ಬೇಕು. ಅಷ್ಟು ಕಾಲ ಗಿರಾಕಿ ಖಾಲಿ ಗಾಜು ನೋಡುತ್ತ ಕೂರುವುದಿಲ್ಲ. ಹಾಗಾಗಿ ಏನು ಹಾಕಿದರೂ ಸಾಯದ ಡ್ಯಾಮ್ಸೆಲ್ ಒಂದನ್ನು ಮೊದಲು ಬಿಡುವುದು ನಮ್ಮ ಅಂಗಡಿಯ ಪದ್ಧತಿ. ಬೇರೆ ಅಂಗಡಿಗಳದೂ ಹೌದು. ನೀರು ಹದವಾದ ಮೇಲೆ ಚೆಂದದ ಮೀನುಗಳು ಬರುತ್ತವೆ. ಅಷ್ಟರಲ್ಲಿ ಮೊದಲು ಬಂದದ್ದು ಇಡೀ ಟ್ಯಾಂಕ್ ತನ್ನದೆಂದು ತೀರ್ಮಾನಿಸಿರುತ್ತದೆ. ಈ ಮೀನು ಬಂದಾಗ ಉಗುರಿನಷ್ಟಿತ್ತು, ಮೈತುಂಬ ನೀಲಿ ಚುಕ್ಕಿ. ಬೆಳೆದಂತೆ ಚುಕ್ಕಿಗಳು ಮಾಸಿ ಕೆಸರಿನ ಬಣ್ಣವಾಯಿತು. ಚುಕ್ಕಿ ಹೋದ ಮೇಲೆ ಮನೆಯೊಡತಿಗೆ ಅದು ಬೇಡವಾಯಿತು. ಅಜ್ಜಿ ಮಾತ್ರ ಅದಕ್ಕೆ ಸಾವ್ಕಾರ ಎಂದು ಹೆಸರಿಟ್ಟಿದ್ದರು.

"ನೋಡ, ಹೆಂಗ ಅಡ್ಡಾಡಾಕತ್ತಾನ ಸಾವ್ಕಾರ. ಎಲ್ಲಾರೂ ಬಾಡಿಗಿ ಕೊಡಬೇಕು ಅನ್ನೋವನಂಗ."

ಅವತ್ತು ಮನೆಯೊಡತಿ ಮೇಡಂ ಕಾಲ್ ಮುಗಿಸಿ ಹೊರಗೆ ಬಂದರು. ಕಿವಿಯ ಹೆಡ್‌ಸೆಟ್ ಕುತ್ತಿಗೆಗೆ ಇಳಿದಿತ್ತು, ಕಣ್ಣು ಕೆಂಪಾಗಿದ್ದವು. ಅವರೂ ನನ್ನಷ್ಟೇ ದಣಿದಿದ್ದರು. ಟಿಶ್ಯೂ ಪೊಟ್ಟಣ ನೋಡಿ ಬೈಯಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು.

"ನೋಡು, ನಾನು ಇದನ್ನ ರಿಲ್ಯಾಕ್ಸ್ ಆಗೋಕೆ ಅಂತ ತಗೊಂಡಿದ್ದು. ಈಗ ಮನೆಗೆ ಬಂದು ಲೈಟ್ ಹಾಕೋಕೇ ಭಯ ಆಗುತ್ತೆ, ಏನು ಸತ್ತಿದ್ಯೋ ಅಂತ. ದೀಪಾವಳಿವರೆಗೆ ನೋಡ್ತೀನಿ. ಅಷ್ಟರಲ್ಲಿ ನಾಲ್ಕು ಮೀನು ನೆಮ್ಮದಿಯಾಗಿ ಇರಲ್ಲ ಅಂದ್ರೆ ಇದನ್ನ ಮಾರಿಬಿಟ್ಟು ಆ ಗೋಡೆಗೆ ಟಿವಿ ಯೂನಿಟ್ ಮಾಡಿಸ್ತೀನಿ."

ಅಂಗಡಿ ಮಾಲೀಕರಿಗೆ ಫೋನ್ ಮಾಡಿ ಹೇಳಿದೆ. ನಾವೆಲ್ಲ ಅವರನ್ನು ಅಣ್ಣಾ ಎನ್ನುತ್ತೇವೆ.

"ಅಯ್ಯೋ ಹೋಗ್ಲಿ ಬಿಡಮ್ಮಾ, ಇನ್ನೊಂದ್ ಜೋಡಿ ಕೊಡೋಣ. ಆದ್ರೆ ಕೇಳಿಸ್ಕೋ, ಈ ಟ್ಯಾಂಕ್ ಹೋದ್ರೆ ನೀನೂ ಕೌಂಟರ್‌ಗೆ ವಾಪಸ್. ಮನೆಮನೆಗೆ ಕಳ್ಸೋಕೆ ಹುಡುಗ್ರು ಸಾಲಲ್ಲಿ ನಿಂತವ್ರೆ."

ಜುಲೈನಲ್ಲಿ ಮೊದಲ ಉಪಾಯ ಮಾಡಿದೆ. ಡ್ಯಾಮ್ಸೆಲ್ ಮೀನಿಗೆ ಕಲ್ಲುಗಳ ಸಂದುಗೊಂದುಗಳೆಲ್ಲ ಬಾಯಿಪಾಠ ಇರುತ್ತವೆ. ಕಲ್ಲುಗಳ ಜೋಡಣೆ ಬದಲಾಯಿಸಿದರೆ ಅದಕ್ಕೆ ಮನೆ ತಪ್ಪಿಹೋದಂತಾಗುತ್ತದೆ, ಆ ಗೊಂದಲದಲ್ಲಿ ಹೊಸಬರು ನೆಲೆ ಕಂಡುಕೊಳ್ಳುತ್ತಾರೆ ಎಂಬುದು ನಂಬಿಕೆ. ಮೊಣಕೈ ತನಕ ಕೈ ಇಳಿಸಿ, ಹವಳ ಅಂಟಿದ ದೊಡ್ಡ ಕಲ್ಲುಗಳನ್ನೂ ಸೋಫಾದ ನೇರಕ್ಕಿದ್ದ ನಡುಗಲ್ಲನ್ನೂ ಬಿಟ್ಟು ಉಳಿದವನ್ನೆಲ್ಲ ಸ್ಥಳಾಂತರಿಸಿದೆ. ನೀರು ಮಜ್ಜಿಗೆಯಂತೆ ಕದಡಿತು. ಶುಕ್ರವಾರ ಸಂಜೆ ಲೈಟ್ ಆರಿಸಿ, ಹೊಸ ಜೋಡಿಯ ಕವರಿಗೆ ಟ್ಯಾಂಕಿನ ನೀರನ್ನು ಹನಿಹನಿಯಾಗಿ ಬೆರೆಸಿ ಒಗ್ಗಿಸಿ, ಕತ್ತಲಲ್ಲೇ ಬಿಟ್ಟೆ.

ಶನಿವಾರ ಶಾಂತ. ಸೋಮವಾರವೂ ಶಾಂತ. ಮಂಗಳವಾರ ನಾನು ಹೋಗಿ ಎಂದಿನಂತೆ ಸರ್ವಿಸ್ ಮಾಡಿದೆ: ಗಾಜು ಒರೆಸಿದೆ, ಕಲ್ಲು ಉಜ್ಜಿದೆ, ಮರಳಿನ ಕಸ ಹೀರಿದೆ, ಐದನೇ ಒಂದು ಭಾಗ ನೀರು ಬದಲಾಯಿಸಿದೆ. ಸರ್ವಿಸ್‌ಗೆ ಮೊದಲೊಂದು ಫೋಟೋ, ಆಮೇಲೊಂದು ಫೋಟೋ ತೆಗೆದು ಗಿರಾಕಿಗೂ ಅಣ್ಣನಿಗೂ ಕಳಿಸಬೇಕು. ಅದು ಅಣ್ಣ ಬಹಳ ಹೆಮ್ಮೆಯಿಂದ ಮಾಡಿದ ನಿಯಮ. ಎರಡನೇ ಫೋಟೋದಲ್ಲಿ ಕಲ್ಲು ಬೆಳ್ಳಗೆ ಹೊಳೆಯದಿದ್ದರೆ "ಏನಮ್ಮಾ, ಬ್ರಷ್ ಮನೇಲ್ ಮರ್ತ್ ಬಂದ್ಯಾ?" ಎಂದು ಉತ್ತರ ಬರುತ್ತಿತ್ತು.

ಗುರುವಾರ ಅಜ್ಜಿಯ ಫೋನ್. "ಯವ್ವಾ, ಒಂದು ಹೋತು. ಇನ್ನೊಂದು ಮ್ಯಾಲಿನ ಮೂಲ್ಯಾಗ ನಿಂತೈತಿ, ಪೈಪಿನ ಹಿಂದ. ಇಳಿಯಾಕ ಬಿಡವೊಲ್ಲ ಸಾವ್ಕಾರ."

ಬದುಕಿದ್ದನ್ನು ಅಂಗಡಿಗೆ ತಂದು ಬೇರೆ ತೊಟ್ಟಿಯಲ್ಲಿಟ್ಟೆ. ಹರಿದ ರೆಕ್ಕೆ ಕೂಡಿಕೊಳ್ಳಲು ಜುಲೈ ಮುಗಿಯುವ ತನಕ ಬೇಕಾಯಿತು.

ಅಜ್ಜಿಗೆ ಈ ಹೊತ್ತಿಗೆ ತಮ್ಮದೇ ಸಿದ್ಧಾಂತಗಳು ಹುಟ್ಟಿಕೊಂಡಿದ್ದವು. ಮೊದಲನೆಯದು ನನ್ನ ರಬ್ಬರ್ ಕೈಗವಸಿನ ಕೆಂಪು ಬಣ್ಣ. "ಹೋರಿಗೂ ಹಂಗ, ಕೆಂಪು ಕಂಡ್ರ ಸಿಟ್ಟು." ನಾನು ನೀಲಿ ಕೈಗವಸು ತಂದೆ, ಏನೂ ಬದಲಾಗಲಿಲ್ಲ. ಎರಡನೆಯದು, ಸಾವ್ಕಾರನಿಗೆ ಹೆಂಡತಿ ಬೇಕು. ಇನ್ನೊಂದು ಡ್ಯಾಮ್ಸೆಲ್ ಬಿಟ್ಟರೆ ಎರಡು ಸಾವ್ಕಾರರಾಗುತ್ತಾರೆ ಅಷ್ಟೇ ಅಂದೆ. ಮೂರನೆಯದು ವಾರದ್ದು. "ಮಂಗಳವಾರ ಬರಬ್ಯಾಡ ಯವ್ವಾ ನೀ. ಮಂಗಳವಾರ ಕೈ ಹಚ್ಚಿದ ಕೆಲಸ ಉದ್ಧಾರ ಆಗೂದಿಲ್ಲ. ಗುರುವಾರ ಬಾ." ಅಣ್ಣನಿಗೆ ಇದನ್ನು ಹೇಳಿದಾಗ, ಗುರುವಾರ ಮಾರತ್‌ಹಳ್ಳಿಯ ಟ್ಯಾಂಕ್ ಇದೆ, ಆ ಮೀನಿಗೆ ಅಡ್ಜಸ್ಟ್ ಮಾಡ್ಕೋ ಅಂತ ಹೇಳು ಎಂದರು.

ಆಗಸ್ಟ್‌ನಲ್ಲಿ ಡಬ್ಬಿಯ ಉಪಾಯ. ಪಾತ್ರೆ ಅಂಗಡಿಯಿಂದ ತೂತು ತೂತಿನ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ ತಂದು, ಅಂಚುಗಳನ್ನು ಉಜ್ಜಿ ನಯ ಮಾಡಿ, ಟ್ಯಾಂಕಿನ ಬಲಗಡೆ ನೇತುಹಾಕಿದೆ. ರೆಕ್ಕೆ ಕೂಡಿಕೊಂಡ ಆ ಕ್ಲೌನ್ ಮೀನಿಗೆ ಒಂದು ಹೊಸ ಜೊತೆ ಹುಡುಕಿ ಎರಡನ್ನೂ ಅದರೊಳಗೆ ಇಟ್ಟೆ. ಡ್ಯಾಮ್ಸೆಲ್ ದಿನವೂ ನೋಡಲಿ, ನೋಡಿ ನೋಡಿ ಬೇಸತ್ತು ಬಿಡಲಿ ಎಂದು. ಮೊದಲ ದಿನ ಅದು ಡಬ್ಬಿಗೆ ಮೂತಿ ಕುಟ್ಟಿದ ಶಬ್ದ ಹೊರಗೆ ಕೇಳುತ್ತಿತ್ತು. ಎರಡನೇ ಶನಿವಾರ ಡಬ್ಬಿ ತೆರೆದೆ. ಕ್ಲೌನ್ ಮೀನುಗಳು ಹೊರಗೆ ಬಂದು, ನೀರಿನಲ್ಲಿ ಬೆರಳುಗಳಂತೆ ಅಲೆಯುವ ದೊಡ್ಡ ಹವಳದ ಪಕ್ಕ ನಿಂತವು. ಸಾವ್ಕಾರ ಒಂದೆರಡು ಸಲ ಬಂದು ನೋಡಿ ತಿರುಗಿಹೋದ. ನಾನೂ ಅಜ್ಜಿಯೂ ಚಹಾ ಕುಡಿದೆವು. ಮಂಗಳವಾರ ಹೋಗಿ ಸರ್ವಿಸ್ ಮಾಡಿದೆ. ಬುಧವಾರ ಮಧ್ಯಾಹ್ನ ಫೋನ್ ಬಂತು. ಓಡಿಹೋಗಿ ಎರಡನ್ನೂ ಜೀವಸಹಿತ ಹಿಡಿದು ಮತ್ತೆ ಡಬ್ಬಿಗೆ ಹಾಕಿದೆ.

ಅದೇ ವಾರ ಬಡಗಿ ಬಂದು ಟ್ಯಾಂಕ್ ಇದ್ದ ಗೋಡೆಯ ಅಳತೆ ತೆಗೆದುಕೊಂಡು ಹೋದ. ಟ್ಯಾಂಕಿನ ಎರಡೂ ಕಡೆ ಗೋಡೆಯ ಮೇಲೆ ಪೆನ್ಸಿಲ್ಲಿನ ಉದ್ದ ಗೆರೆಗಳು. ಆಮೇಲೆ ಗಾಜು ಒರೆಸುವಾಗಲೆಲ್ಲ ಅವು ನನ್ನ ಕಣ್ಣಿಗೆ ಬೀಳುತ್ತಿದ್ದವು.

ಹಿಡಿದುಬಿಡುವುದೇ ದಾರಿ ಎಂದು ಬಾಟಲಿ ಬಲೆ ಮಾಡಿದೆ. ನೀರಿನ ಬಾಟಲಿಯ ತಲೆ ಕತ್ತರಿಸಿ, ತಿರುಗಿಸಿ ಒಳಗೆ ಸಿಕ್ಕಿಸಿ, ಒಳಗಡೆ ಸೀಗಡಿಯ ಚೂರು ಇಟ್ಟರೆ ಮೀನು ಒಳಗೆ ಹೋಗುತ್ತದೆ, ಹೊರದಾರಿ ಸಿಗುವುದಿಲ್ಲ. ಮೊದಲ ವಾರ ಒಳಗೆ ಸಿಕ್ಕಿದ್ದು ಮೇಡಂ ಪ್ರೀತಿಯಿಂದ ತರಿಸಿದ್ದ ಕೆಂಪುಪಟ್ಟಿಯ ಸೀಗಡಿ. ಎರಡನೇ ವಾರವೂ ಅದೇ. ಮೂರನೇ ವಾರ ಒಂದು ಬಸವನಹುಳು, ಜೊತೆಗೆ ಮತ್ತೆ ಅದೇ ಸೀಗಡಿ.

"ಅದಕ್ಕ ಅಲ್ಲೇ ಒಂದು ರೇಶನ್ ಕಾರ್ಡ್ ಮಾಡಿಸಿಕೊಡು" ಅಂದರು ಅಜ್ಜಿ.

ಸಾವ್ಕಾರ ಬಾಟಲಿಯ ಬಾಯಿಗೆ ಬಂದು ಒಳಗೆ ನೋಡಿ ತನ್ನ ಕಲ್ಲಿಗೆ ಮರಳುತ್ತಿದ್ದ.

ಬಸವನಹುಳುಗಳದು ಇನ್ನೊಂದು ತಲೆನೋವು. ಪಾಚಿ ತಿನ್ನಲೆಂದು ಬಿಟ್ಟಿದ್ದವು. ಪ್ರತಿ ವಾರ ಕೆಲವು ನಡುಗಲ್ಲಿನಿಂದ ದೂರ, ಮರಳಿನ ಮೇಲೆ ಅಂಗಾತ ಬಿದ್ದಿರುತ್ತಿದ್ದವು. ಎತ್ತಿ ನೆಟ್ಟಗೆ ಇಡುತ್ತಿದ್ದೆ. ಎಷ್ಟು ಮಗುಚಿವೆ ಎಂದು ಡೈರಿಯಲ್ಲಿ ಬರೆದುಕೊಂಡಿದ್ದೆನೇ ಹೊರತು ಯಾಕೆ ಎಂದು ಕೇಳಿಕೊಂಡಿರಲಿಲ್ಲ. ಬರೆದದ್ದೆಲ್ಲ ಗಮನಿಸಿದಂತೆ ಅಲ್ಲ.

ಸೆಪ್ಟೆಂಬರ್ ಬಂತು. ಅಣ್ಣನಿಗೆ ಸಾಕಾಗಿತ್ತು. "ಈ ಆಟ ಎಲ್ಲ ಬಿಡು. ಮಂಗಳವಾರ ನಾನೇ ಬರ್ತೀನಿ. ನೀರು ಇಳಿಸಿ ಕಲ್ಲೆಲ್ಲ ಎತ್ತಿ ಹಿಡಿದುಬಿಡೋಣ. ಅರ್ಧ ದಿನದ ಕೆಲಸ." ಅರ್ಧ ದಿನದ ಕೆಲಸವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ದೊಡ್ಡ ಕಲ್ಲುಗಳ ತಳದಲ್ಲಿ ಎರಡು ವರ್ಷದ ಕಸ ಇರುತ್ತದೆ. ಅದು ಕದಡಿದರೆ ಅಮೋನಿಯಾ ಏರುತ್ತದೆ. ಬೆರಳು ಬೆರಳಾಗಿ ಅಲೆಯುವ ಆ ದೊಡ್ಡ ಹವಳ ತಡೆದುಕೊಳ್ಳುತ್ತದೋ ಇಲ್ಲವೋ ಹೇಳಲಾಗದು. ಒಂದು ಮೀನನ್ನು ಹಿಡಿಯಲು ಹೋಗಿ ಟ್ಯಾಂಕನ್ನೇ ಕೊಂದರೆ ಪೆನ್ಸಿಲ್ ಗೆರೆಗಳೇ ಗೆದ್ದಂತೆ.

ಅದಕ್ಕೆ ಎರಡು ದಿನ ಮೊದಲು, ಭಾನುವಾರ ಬೆಳಿಗ್ಗೆ, ಅಜ್ಜಿ ಫೋನ್ ಮಾಡಿದರು. ಕರೆಂಟ್ ಹೋಗಿ ಬಂದಿತ್ತು, ನೀರು ತಣ್ಣಗಿಡುವ ಚಿಲ್ಲರ್ ಮಾತ್ರ ಮತ್ತೆ ಶುರುವಾಗಿರಲಿಲ್ಲ. ಹೋಗಿ ನೋಡಿದರೆ ಅದರ ಸ್ವಿಚ್ ಬಿದ್ದುಹೋಗಿತ್ತು. ಹಾಕಿದೆ. ನೀರು ಎರಡು ಡಿಗ್ರಿ ಇಳಿಯುವವರೆಗೆ ಕಾಯಬೇಕಿತ್ತು. ಮೇಡಂ ಊರಲ್ಲಿರಲಿಲ್ಲ. ಅಜ್ಜಿ ಪೂಜೆಯಲ್ಲಿದ್ದರು. ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತೆ. ಕೈಯಲ್ಲಿ ಬ್ರಷ್ ಇಲ್ಲ, ಬಲೆ ಇಲ್ಲ. ಆ ಟ್ಯಾಂಕ್ ಎದುರು ನಾನು ಹಾಗೆ ಸುಮ್ಮನೆ ಕೂತದ್ದು ಅದೇ ಮೊದಲು.

ಸಾವ್ಕಾರ ನಡುಗಲ್ಲಿನ ಮುಖದ ಮೇಲೆ ಕೆಲಸದಲ್ಲಿದ್ದ. ಅಲ್ಲಿ ಅಂಗೈಯಗಲದ ಜಾಗದಲ್ಲಿ ಕೆಂಗಂದು ಬಣ್ಣದ ಕಿರುಪಾಚಿ ಬೆಳೆದಿತ್ತು, ಈಗಷ್ಟೇ ಕತ್ತರಿಸಿದ ಕೂದಲಿನಂತೆ ಸಮವಾಗಿ. ಅದರ ನಡುವೆ ಎದ್ದಿದ್ದ ಹಸಿರು ಎಳೆಯೊಂದನ್ನು ಬಾಯಲ್ಲಿ ಹಿಡಿದು ಎಳೆದ. ನುಂಗಲಿಲ್ಲ. ಒಂದು ಗೇಣು ಆಚೆ ಈಜಿ, ಮರಳಿನ ಮೇಲೆ ಉಗುಳಿ ಬಂದ. ಮತ್ತೊಂದು ಎಳೆ. ಮತ್ತೆ ಆಚೆ ಹೋಗಿ ಉಗುಳಿದ.

ತಿನ್ನುವವರು ಹಾಗೆ ಮಾಡುವುದಿಲ್ಲ. ಆ ಚಲನೆ ನನಗೆ ಗೊತ್ತಿತ್ತು. ನಮ್ಮಮ್ಮ ಟೆರೇಸಿನ ಮೇಲೆ ಹಳೇ ಪೇಂಟ್ ಡಬ್ಬಗಳಲ್ಲಿ ಕೊತ್ತಂಬರಿ, ದಂಟು ಬೆಳೆಸುತ್ತಾಳೆ. ಹೂಡಿಯಲ್ಲಿ ನಮಗೆ ಉಳಿದಿರುವ ಮಣ್ಣು ಅಷ್ಟೇ. ಮಾತಾಡುತ್ತಲೇ ಕೈ ಅದರ ಪಾಡಿಗೆ ಕಳೆ ಹುಡುಕಿ, ಕಿತ್ತು, ಡಬ್ಬದ ಆಚೆ ಎಸೆಯುತ್ತದೆ. ಇದು ಅದೇ.

ಅಷ್ಟರಲ್ಲಿ ಒಂದು ಬಸವನಹುಳು ಕಲ್ಲಿನ ಮೇಲೇರಿ ಆ ಕೆಂಗಂದು ಅಂಚಿಗೆ ಬಂತು. ಸಾವ್ಕಾರ ಅದರ ಚಿಪ್ಪಿನ ಅಂಚು ಕಚ್ಚಿ, ಕಿತ್ತು, ಅದರ ಭಾರಕ್ಕೆ ತಾನೂ ಕೆಳಗಿಳಿಯುತ್ತ ಎಳೆದುಕೊಂಡು ಹೋಗಿ ದೂರದ ಮರಳಿನ ಮೇಲೆ ಬಿಟ್ಟ. ಅಂಗಾತ ಬಿತ್ತು. ಬಲಗಡೆ ಡಬ್ಬಿಯಲ್ಲಿ ಎರಡು ಕ್ಲೌನ್ ಮೀನು ಆಡುತ್ತಿದ್ದವು. ಅತ್ತ ಅವನು ಒಮ್ಮೆಯೂ ತಿರುಗಲಿಲ್ಲ. ಅಜ್ಜಿ ಫೋನಿನಲ್ಲಿ ಹೇಳಿದಂತೆ, ಕಳೆದ ಬುಧವಾರ ಇದೇ ಡಬ್ಬಿಗೆ ಮೂತಿ ಕುಟ್ಟಿಕೊಂಡು ತುಟಿ ಬಿಳಿಚಿಕೊಂಡಿದ್ದವನು.

ಬುಧವಾರ. ಮಂಗಳವಾರದ ಮರುದಿನ. ಮಂಗಳವಾರ ನಾನು ಬಂದು ಎಲ್ಲಕ್ಕಿಂತ ಮೊದಲು ಉಜ್ಜುತ್ತಿದ್ದುದು ಆ ಕಲ್ಲನ್ನೇ, ಸೋಫಾದ ನೇರಕ್ಕೆ ಇರುವುದು ಅದು ಎಂದು, ಫೋಟೋದಲ್ಲಿ ಎದ್ದು ಕಾಣುವುದು ಅದು ಎಂದು. ಅವನು ವಾರವಿಡೀ ಕಳೆ ಕಿತ್ತು ಬೆಳೆಸಿದ್ದನ್ನು ನಾನು ಬ್ರಷ್‌ನಲ್ಲಿ ಐದು ನಿಮಿಷಕ್ಕೆ ಬೋಳಿಸುತ್ತಿದ್ದೆ. ಬೆಳೆ ಹೋದ ಮೇಲೆ ಅವನಿಗೆ ಕಾಯಲು ಒಂದು ಕಲ್ಲು ಅಂತ ಇರುತ್ತಿರಲಿಲ್ಲ. ಇಡೀ ಟ್ಯಾಂಕ್ ಕಾಯುತ್ತಿದ್ದ. ಹೀಗೆಂದು ಅವತ್ತು ನನಗೆ ಖಚಿತವಾಗಿ ಗೊತ್ತಿತ್ತು ಎನ್ನಲಾರೆ. ಹೀಗಿರಬಹುದು ಎನಿಸಿತು, ಅಷ್ಟೇ.

ಸಂಜೆ ಅಮ್ಮನಿಗೆ ಹೇಳಿದೆ. ಅವಳು ದಂಟಿನ ಸೊಪ್ಪು ಬಿಡಿಸುತ್ತಿದ್ದಳು.

"ಮೀನು ಕಳೆ ಕೀಳ್ತದಾ? ಏನೇ ಇಂಗಂತೀಯ?"

"ನಿಜ ಅಮ್ಮ, ನಾನೇ ನೋಡ್ದೆ."

"ಅಂಗಾರೆ ಅದನ್ನ ಇಲ್ಲಿಗೇ ಕರ್ಕೊಂಬಾ, ನಂಗೂ ಸೊಂಟ ನೋವು" ಎಂದು ನಕ್ಕಳು. ಇನ್ನೊಂದು ದಂಟು ಬಿಡಿಸುತ್ತ ಅಂದಳು: "ಯಾರಾದ್ರೂ ಬಂದು ನನ್ನ ಡಬ್ಬ ಎಲ್ಲ ಬಗ್ಗಿಸಾಕಿ, ಕಿಲೀನಾಯ್ತು ನೋಡು ಅಂದ್ರೆ ನಾನೂ ಕಚ್ತೀನಿ."

ಮಂಗಳವಾರ ಅಣ್ಣ ನಾಲ್ಕು ಡ್ರಮ್ಮು, ಎರಡು ಬಲೆ, ಪಂಪು ಎಲ್ಲ ಹೊರಿಸಿಕೊಂಡು ಬಂದರು. ಮೇಡಂ ಮನೆಯಿಂದಲೇ ಕೆಲಸ ಮಾಡುತ್ತಿದ್ದರು. ಕಾಲ್ ಮ್ಯೂಟ್ ಮಾಡಿ ಹೊರಗೆ ನಿಂತರು. ಅಜ್ಜಿ ಸೋಫಾದಲ್ಲಿ. ಲಿಫ್ಟ್‌ನಲ್ಲೇ ಹೇಳಬೇಕೆಂದಿದ್ದ ಮಾತನ್ನು ಅಣ್ಣ ಪಂಪಿನ ಪೈಪ್ ಬಿಚ್ಚತೊಡಗಿದ ಮೇಲೆ ಹೇಳಿದೆ.

"ಅಣ್ಣಾ, ಇವತ್ತು ಕಲ್ಲು ಎತ್ತೋದು ಬೇಡ. ಆ ನಡುಗಲ್ಲು ಉಜ್ಜೋದು ನಿಲ್ಲಿಸಿ ನೋಡೋಣ." ಭಾನುವಾರ ಕಂಡದ್ದನ್ನು ಹೇಳಿದೆ. ಹೇಳುತ್ತ ಹೋದಂತೆ ನನಗೇ ಅದು ಕಟ್ಟುಕಥೆಯಂತೆ ಕೇಳತೊಡಗಿತು.

"ಏನಮ್ಮಾ, ಮೀನು ವ್ಯವಸಾಯ ಮಾಡುತ್ತಾ? ಪಹಣಿ ಬೇರೆ ಮಾಡಿಸ್ಕೊಂಡಿದ್ಯಾ ಅದು?" ಅಣ್ಣ ಮೇಡಂ ಕಡೆ ತಿರುಗಿ ನಕ್ಕರು. ಮೇಡಂ ನಗಲಿಲ್ಲ.

"ಹಾಗಾದ್ರೆ ಆ ಗಲೀಜು ಹಾಗೇ ಬಿಡಬೇಕಾ? ಹಾಲ್ ಮಧ್ಯದಲ್ಲಿ?"

"ಕ್ಲೀನಾಗಿರೋಕೇ ಅಲ್ವಾ ಮೇಡಂ ನಮ್ಮನ್ನ ಇಟ್ಕೊಂಡಿರೋದು. ಇವಳು ಮಕ್ಕಳ ಹಾಗೆ ಮಾತಾಡ್ತಾಳೆ" ಅಂದರು ಅಣ್ಣ.

ಟ್ಯಾಂಕ್ ನೋಡಿದೆ. ಎಡಗಡೆ ಹಿಂಮೂಲೆಯಲ್ಲಿ ನೀರು ಫಿಲ್ಟರಿಗೆ ಇಳಿಯುವ ಕಪ್ಪು ಗೂಡಿನ ಪಕ್ಕ ಒಂದು ಖಾಲಿ ಜಾಗವಿತ್ತು. ದೊಡ್ಡ ಕಲ್ಲುಗಳು ಅಡ್ಡ ಇದ್ದುದರಿಂದ ಸೋಫಾದಿಂದ ಅದು ಕಾಣುವುದಿಲ್ಲ.

"ಆ ಕಲ್ಲನ್ನ ಮೂಲೆಗೆ ಇಡ್ತೀನಿ ಮೇಡಂ. ನಿಮಗೆ ಕಾಣಲ್ಲ. ಉಳಿದಿದ್ದೆಲ್ಲ ಉಜ್ಜಿ ಕೊಡ್ತೀನಿ. ಒಂದೇ ಒಂದು ವಾರ ಕೊಡಿ."

"ಒಂದು ವಾರ. ಆಮೇಲೆ ಇವರು ಹೇಳಿದ ಹಾಗೆ" ಎಂದು ಮೇಡಂ ಅಣ್ಣನ ಕಡೆ ಕೈ ತೋರಿಸಿದರು.

ಕೈಗವಸು ಹಾಕಿದರೆ ಹಿಡಿತ ಜಾರುತ್ತದೆ, ಬರಿಗೈ ಇಳಿಸಿದೆ. ಕಲ್ಲು ತೆಂಗಿನಕಾಯಿಗಿಂತ ಸ್ವಲ್ಪ ದೊಡ್ಡದು. ನೀರಿನಿಂದ ಹೊರಗೆ ತೆಗೆಯದೆ, ಪಾಚಿಗೆ ಬೆರಳು ತಾಗದಂತೆ, ತಳದಲ್ಲಿ ಎರಡೂ ಕೈ ಕೊಟ್ಟು ಎತ್ತಿದೆ. ಎತ್ತಿದ ಕೂಡಲೇ ಸಾವ್ಕಾರ ಮಣಿಕಟ್ಟಿಗೆ ಕಚ್ಚಿದ. ನೋವೇನಿಲ್ಲ, ಸೂಜಿ ತಾಗಿದಂತೆ. ಅವನು ಓಡಿಹೋಗಿ ಸಂದಿಯಲ್ಲಿ ಅಡಗುತ್ತಾನೆ ಎಂದುಕೊಂಡಿದ್ದೆ. ಇಷ್ಟು ತಿಂಗಳು ಯಾರ ಕೈ ಇಳಿದರೂ ಹಾಗೇ ಮಾಡಿದ್ದ. ಇವತ್ತು ಅಡಗಲಿಲ್ಲ. ನಾನು ಕಲ್ಲನ್ನು ಅಂಗುಲ ಅಂಗುಲವಾಗಿ ಎಡಕ್ಕೆ ಒಯ್ಯುತ್ತಿದ್ದರೆ ಅವನು ಅದರ ಪಕ್ಕದಲ್ಲೇ, ಬಯಲಲ್ಲಿ, ಕಚ್ಚುತ್ತ, ಹಿಂದೆ ಸರಿಯುತ್ತ, ಮತ್ತೆ ಕಚ್ಚುತ್ತ ಜೊತೆಗೇ ಬಂದ.

"ಲೇ, ಲೇ, ಹೊರಗೆ ಬಂದವ್ನೆ!" ಅಣ್ಣ ಬಲೆ ಎತ್ತಿಕೊಂಡರು. "ಅಲ್ಲಾಡ್ಬೇಡ, ಹಾಗೇ ಇರು. ಹಿಡೀತೀನಿ."

ಬಲೆ ನೀರಿಗೆ ಇಳಿಯಿತು. ಜುಲೈನಿಂದ ಬಾಟಲಿ, ಕತ್ತಲು, ಡಬ್ಬಿ ಎಂದು ಮಾಡಿದ ಎಲ್ಲ ಉಪಾಯ ಈ ಒಂದು ಗಳಿಗೆಗಾಗಿಯೇ ಇತ್ತು. ಅವನು ನನ್ನ ಮಣಿಕಟ್ಟಿನ ಪಕ್ಕ ಇದ್ದ, ಬಲೆ ಅವನ ಹಿಂದೆ ಇತ್ತು, ಅವನು ಬಲೆಯನ್ನು ನೋಡುತ್ತಲೂ ಇರಲಿಲ್ಲ. ಹಿಡಿದರೆ ಮುಗಿಯಿತು. ಅಂಗಡಿಯ ಹಿಂದಿನ ಬರಿ ಗಾಜಿನ ತೊಟ್ಟಿಗೆ ಹೋಗುತ್ತಾನೆ, ಅಲ್ಲಿಂದ ಇನ್ಯಾರದೋ ಹೊಸ ಟ್ಯಾಂಕ್ ಹದ ಮಾಡಲು.

"ಬ್ಯಾಡ್ರಿ" ಎಂದರು ಅಜ್ಜಿ, ಮೆಲ್ಲಗೆ. ಯಾರಿಗೆ ಹೇಳಿದರೋ.

ನಾನು ಕಲ್ಲನ್ನು ಬಲೆಗೂ ಅವನಿಗೂ ನಡುವೆ ತಂದೆ.

"ಅಣ್ಣಾ ಬೇಡ. ಬಲೆ ತಾಗಿ ಕಲ್ಲು ಜಾರಿದ್ರೆ ಗಾಜು ಒಡೆಯುತ್ತೆ."

ಅದು ನಿಜ. ಅದೊಂದೇ ಕಾರಣವಾಗಿರಲಿಲ್ಲ. ಅಣ್ಣ ಬಲೆ ಮೇಲೆತ್ತಿದರು. ನೀರು ತೊಟ್ಟಿಕ್ಕುತ್ತಿತ್ತು. ಕಲ್ಲನ್ನು ಮೂಲೆಯಲ್ಲಿಟ್ಟು, ಅಲುಗದಂತೆ ಮರಳಿನಲ್ಲಿ ಒತ್ತಿ ಕೂರಿಸಿದೆ. ಸಾವ್ಕಾರ ಅದನ್ನು ಸುತ್ತು ಹಾಕಿದ. ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡಿದ. ಒಂದು ಎಳೆ ಕಿತ್ತು ಆಚೆ ಉಗುಳಿದ.

ಕೆಳಗೆ ಡ್ರಮ್ಮುಗಳನ್ನು ಗಾಡಿಗೆ ಹಾಕುವಾಗ ಅಣ್ಣ ಹೇಳಿದ್ದು ಇಷ್ಟೇ: "ಸಿಕ್ಕಿದ್ದ ಕಣಮ್ಮಾ. ಕೈಗೆ ಸಿಕ್ಕಿದ್ದ. ಇನ್ನು ಏನಾದ್ರೂ ನಿನ್ ತಲೆ ಮೇಲೆ."

ಶನಿವಾರ ಡಬ್ಬಿ ತೆರೆದೆ. ಮಂಗಳವಾರ ಹೋಗಿ ಗಾಜು, ಉಳಿದ ಕಲ್ಲು, ಮರಳು ಎಲ್ಲ ಎಂದಿನಂತೆ ಮಾಡಿದೆ. ಎಡಮೂಲೆಗೆ ಕೈ ಹಾಕಲಿಲ್ಲ. ಕೈ ಮಾತ್ರ ಎರಡು ಸಲ ತಾನಾಗಿಯೇ ಬ್ರಷ್ ಹಿಡಿದು ಅತ್ತ ಹೋಯಿತು. ಎರಡು ಸಲವೂ ಹಿಂದಕ್ಕೆಳೆದುಕೊಂಡೆ.

ಬುಧವಾರ ಮಧ್ಯಾಹ್ನ ಅಂಗಡಿಯಲ್ಲಿ ಊಟಕ್ಕೆ ಕೂತಾಗ ಫೋನ್ ಹೊಡೆದುಕೊಂಡಿತು. ಅಜ್ಜಿ. ಊಟದ ಡಬ್ಬಿಯ ಮುಚ್ಚಳ ಹಾಗೇ ಮುಚ್ಚಿಬಿಟ್ಟೆ. ಅಣ್ಣ ಕೌಂಟರಿನಿಂದಲೇ ನನ್ನ ಮುಖ ನೋಡುತ್ತಿದ್ದರು.

"ಹೇಳಿ ಅಜ್ಜಿ. ಯಾವುದು ಹೋಯ್ತು?"

"ಯಾವುದೂ ಹೋಗಿಲ್ಲವ್ವಾ. ನೀ ಬುಧವಾರ ನನ್ನ ಫೋನಿಗೆ ಕಾಯತಿರತಿ ಅಂತ ಮಾಡಿದ್ನಿ. ಸಾವ್ಕಾರ ಹೊಲದಾಗ ಅದಾನ. ಕೇಸರಿ ಎರಡೂ ಈ ಕಡೆ ಅದಾವ. ಊಟಾ ಆತೇನ?"

ಅದು ಪೂರ್ತಿ ಶಾಂತಿಯೇನಲ್ಲ. ಕ್ಲೌನ್ ಮೀನುಗಳು ಎಡಕ್ಕೆ ಹೋದರೆ ಇವತ್ತಿಗೂ ಅಟ್ಟಿಸಿಕೊಂಡು ಬರುತ್ತಾನೆ. ಆದರೆ ಮೂಲೆಯಿಂದ ಒಂದು ಅಡಿ ಬಂದು ನಿಲ್ಲುತ್ತಾನೆ, ಅಲ್ಲೇನೋ ಬೇಲಿ ಇದೆ ಎಂಬಂತೆ. ಆಚೆಗಿನ ಮೂರಡಿ ಅವುಗಳದು. ಬಸವನಹುಳುಗಳೂ ಆ ಮೂಲೆ ಬಿಟ್ಟು ಬೇರೆಡೆ ಮೇಯಲು ಕಲಿತಿವೆ, ಅಥವಾ ಕಲಿಯದವು ಮಗುಚಿ ಬಿದ್ದಿರುತ್ತವೆ, ನಾನು ಎತ್ತಿಡುತ್ತೇನೆ. ಅಣ್ಣನ ಫೋಟೋಗೆ ಬಲಗಡೆಯಿಂದ ಕೋನ ಹುಡುಕಿಕೊಂಡಿದ್ದೇನೆ. ಬೇರೆ ಟ್ಯಾಂಕುಗಳಲ್ಲಿ ನಾವು ಈಗಲೂ ಮೊದಲು ಡ್ಯಾಮ್ಸೆಲ್ಲನ್ನೇ ಬಿಡುತ್ತೇವೆ.

ಅಜ್ಜಿಗೆ ಸೋಫಾದಿಂದ ಸಾವ್ಕಾರ ಕಾಣದಾದ. ಎರಡನೇ ವಾರ ನಾನು ಹೋದಾಗ ಊಟದ ಮೇಜಿನ ಕುರ್ಚಿಯೊಂದು ಟ್ಯಾಂಕಿನ ಎಡ ಪಕ್ಕಕ್ಕೆ, ಗೋಡೆ ಮತ್ತು ಗಾಜಿನ ನಡುವಿನ ಇಕ್ಕಟ್ಟಿಗೆ ಬಂದಿತ್ತು. ಅದರ ಮೇಲೆ ಅವರ ಶಾಲು ಇತ್ತು.

ದೀಪಾವಳಿ ಬಂತು, ನೆಂಟರು ಬಂದು ಹೋದರು. ಹಬ್ಬದ ನಂತರದ ಮಂಗಳವಾರ ಹೋದಾಗ ಹಾಲ್ ತುಂಬ ಪಟಾಕಿ ವಾಸನೆ. ನಾಲ್ಕು ಕಡೆ ಉಪ್ಪುನೀರಿನ ಹನಿ ಒಣಗಿ ಗೋಡೆಯಲ್ಲಿ ಬಿಳಿ ಕಲೆ ಕೂತಿತ್ತು. ಒದ್ದೆ ಬಟ್ಟೆ ಹಿಡಿದು ಒರೆಸುತ್ತಿದ್ದೆ. ಮೇಡಂ ಕಾಫಿ ಲೋಟ ಹಿಡಿದು ಬಂದು ಎಡಗಡೆ ಬಗ್ಗಿ ನೋಡಿದರು. ಪ್ರತಿ ವಾರ ನೋಡುತ್ತಾರೆ.

"ಆ ಮೂಲೆ ಇವತ್ತೂ ಹಾಗೇ ಇದೆ."

"ಹೌದು ಮೇಡಂ, ಬಿಟ್ಟಿದ್ದೀನಿ."

"ಕಳೀ ತೆಗದಾನ, ಹೊಲಸು ಎಲ್ಲೈತಿ?" ಎಂದರು ಅಜ್ಜಿ, ಕುರ್ಚಿಯಿಂದ.

ಮೇಡಂ ಇನ್ನಷ್ಟು ಬಗ್ಗಿ ನೋಡಿದರು. ಲೋಟದ ಕಾಫಿ ಮುಗಿಸಿದರು. ಒಳಗೆ ಲ್ಯಾಪ್‌ಟಾಪ್ ಕರೆಯತೊಡಗಿತು. ಹೋಗುತ್ತ ತಿರುಗಿ, ಬಡಗಿ ಎಳೆದಿದ್ದ ಪೆನ್ಸಿಲ್ ಗೆರೆಯ ಕಡೆ ಗದ್ದ ಆಡಿಸಿದರು.

"ಆ ಕಲ್ಲಂತೂ ಉಜ್ಜಲ್ಲ ನೀನು. ಬಟ್ಟೆ ಕೈಯಲ್ಲಿದೆಯಲ್ಲ, ಆ ಗೆರೆನಾದ್ರೂ ಒರೆಸಿಬಿಡು."